ಎಲ್ಲ ಬೀಗಕ್ಕೂ ಒಂದೇ ಕೀಲಿ

ಬೀಗದಕ್ಕನ ಅಂಗಡಿಯಲ್ಲಿ ಬೀಗವಿಲ್ಲದ್ದು ಒಂದೇ ಒಂದು, ಅವಳ ಬಾಯಿ. ಇದು ಆ ಬೀದಿಯ ಹಳೇ ಜೋಕು. ಅವಳಿಗೂ ಗೊತ್ತಿತ್ತು, ಅವಳೇ ಹತ್ತು ಜನರಿಗೆ ಹೇಳಿ ನಗಿಸಿದ್ದಳು. ಕೀಲಿ ಕಳೆದುಕೊಂಡು ಬಂದವರನ್ನು ಬೈಯದೆ ಅವಳು ಕೆಲಸಕ್ಕೆ ಕೈ ಹಾಕಿದ್ದೇ ಇಲ್ಲ. "ಸದ್ಯ, ತಲೆ ಕುತ್ತಿಗೆಗೆ ಅಂಟಿಕೊಂಡಿದೆ. ಇಲ್ಲದಿದ್ರೆ ಅದನ್ನೂ ಎಲ್ಲಾದ್ರೂ ಬಿಟ್ಟು ಬರ್ತಿದ್ರಿ" ಎನ್ನುವಳು. ಅಷ್ಟು ಹೊತ್ತಿಗೆ ಕೀಲಿ ಉಜ್ಜುವ ಅರ ಅವಳ ಕೈಯಲ್ಲಿ ಕಿರ್ರನೆ ಓಡಾಡತೊಡಗಿರುತ್ತಿತ್ತು, ಬೈಸಿಕೊಂಡವರು ನಗುತ್ತಾ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಎರಡು ಮಂಚ ಹಿಡಿಸುವಷ್ಟೇ ಅಗಲದ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀಲಿ. ನೆಲದ ಮೇಲೆ ಹಿತ್ತಾಳೆಯ ಪುಡಿ ಎಷ್ಟು ಗುಡಿಸಿದರೂ ಹೋಗದು, ಅವಳ ಸೆರಗಿನ ಅಂಚಿನಲ್ಲೂ ಅದೇ ಮಿಂಚುತ್ತಿತ್ತು. ಅವಳಪ್ಪ ಅಲ್ಲೇ ಕೂತು ಬೀಗ ಮಾಡಿದವನು. ಮಗನಿಗೆ ಕಲಿಸಲು ಹೋದ, ಮಗ ಓದಿ ಕಚೇರಿಯ ಗುಮಾಸ್ತನಾದ. ಕಲಿತವಳು ಮಗಳು. ಗಂಡ ಹೃದಯ ನಿಂತು ಬೇಗ ಹೋದ. "ಕುಡಿದು ಸತ್ತವನಲ್ಲ, ನಮ್ಮ ಮನೇಲಿ ಹೊಗೆಸೊಪ್ಪು ಮುಟ್ಟಿದವರೂ ಇಲ್ಲ" ಎಂದು ಅವಳು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಆ ಜಂಬ ಎಂಥ ಪಾಡು ಪಡಿಸಿತು ಎಂದು ಮುಂದೆ ಗೊತ್ತಾಗುತ್ತದೆ.

ಅಪ್ಪ ಬಿಟ್ಟುಹೋದ ಒಂದು ಪದ್ಧತಿ ಇತ್ತು. ಅಂಗಡಿಯಲ್ಲಿ ತಯಾರಾಗುವ ಪ್ರತಿ ಬೀಗಕ್ಕೂ ಅದರದೇ ಕೀಲಿ ಬೇರೆ, ಸರಿ. ಆದರೆ ಎಲ್ಲದರ ಹೊಟ್ಟೆಯೊಳಗೂ ಒಂದು ಗುಟ್ಟಿನ ಕಚ್ಚು ಇರುತ್ತಿತ್ತು. ಆ ಕಚ್ಚಿಗೆ ಹೊಂದುವ ಒಂದು ಕೀಲಿ ಎಲ್ಲ ಬೀಗಗಳನ್ನೂ ತೆಗೆಯುತ್ತಿತ್ತು. ಮನೆಯವರು ಅದನ್ನು ಅಪ್ಪನ ಕೀಲಿ ಎನ್ನುತ್ತಿದ್ದರು. ಜನ ಕೀಲಿ ಕಳೆದುಕೊಂಡಾಗ ಬಾಗಿಲು ಒಡೆಯಬಾರದು, ಮಗುವೇನಾದರೂ ಒಳಗೆ ಸಿಕ್ಕಿಕೊಂಡರೆ ಹೊತ್ತಾಗಬಾರದು ಎಂಬುದು ಅಪ್ಪನ ಲೆಕ್ಕ. ಗಿರಾಕಿಗಳಿಗೆ ಯಾರಿಗೂ ಹೇಳಿರಲಿಲ್ಲ. ಅಕ್ಕ ಬೈಯುತ್ತಾಳೆ, ಕ್ಷಣದಲ್ಲಿ ತೆಗೆಯುತ್ತಾಳೆ, ಅದು ಅವಳ ಕೈಗುಣ ಎಂದು ಎಲ್ಲರೂ ನಂಬಿದ್ದರು. ಆ ಕೀಲಿ ಹಗಲೂ ರಾತ್ರಿ ಅವಳ ಸೊಂಟದಲ್ಲಿರುತ್ತಿತ್ತು.

ಇನ್ನು ಬೀಗದಕ್ಕನ ಮಗ. ಬೀದಿಯವರು ಅವನಿಗಿಟ್ಟ ಹೆಸರು ಮರಿಬೀಗ. ಅಬ್ಬಾ, ಆ ಹುಡುಗನ ಬೆರಳು! ಬೀಗವನ್ನು ಕಿವಿಗೆ ಹಿಡಿದು, ತಂತಿ ಆಡಿಸಿ, "ಇದಕ್ಕೆ ಜ್ವರ ಬಂದಿದೆಯಮ್ಮ, ಸ್ಪ್ರಿಂಗು ಸಾಯ್ತಿದೆ" ಎನ್ನುತ್ತಿದ್ದ. ತಾನು ತೆಗೆಯಲಾರದ ಬೀಗ ಈ ಊರಲ್ಲಿ ಹುಟ್ಟಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಂಡದ್ದು ನಿಜವೂ ಆಗಿತ್ತು. ಇಪ್ಪತ್ಮೂರನೇ ವಯಸ್ಸಿನಲ್ಲಿ ಸ್ಕೂಟರಿನಿಂದ ಬಿದ್ದು ಬೆನ್ನು ಮುರಿದುಕೊಂಡ. ಡಾಕ್ಟರು ನೋವಿಗೆ ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ ನೋವು ಹೋಯಿತು. ಮಾತ್ರೆ ಹೋಗಲಿಲ್ಲ. ಡಾಕ್ಟರು ಬರೆದುಕೊಡುವುದನ್ನು ನಿಲ್ಲಿಸಿದ ಮೇಲೂ ಅವನಿಗೆ ಎಲ್ಲಿಂದಲೋ ಸಿಗುತ್ತಿತ್ತು. ಆಮೇಲೆ ಮಾತ್ರೆ ಸಾಲದೆ ಪುಡಿ ಬಂತು.

ಬೀಗದಕ್ಕನಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಅಪ್ಪನ ಕಾಲದ ಅರಗಳ ಸೆಟ್ಟು ಕಾಣೆಯಾದಾಗ ಗೊತ್ತಾಯಿತು. ಮಗನ ಕೈ ನಡುಗಿ ಹಿತ್ತಾಳೆ ತುಂಡು ನೆಲಕ್ಕೆ ಬಿದ್ದಾಗ ಗೊತ್ತಾಯಿತು. ಊರಿಗೆಲ್ಲ ಬಾಯಿ ಮಾಡುವ ಹೆಂಗಸು ಎಂಟು ತಿಂಗಳು ಈ ವಿಷಯಕ್ಕೆ ಮಾತ್ರ ತುಟಿ ಬಿಚ್ಚಲಿಲ್ಲ. ಯಾರಾದರೂ ಕೇಳಿದರೆ "ಹೊಟ್ಟೆ ಸರಿ ಇಲ್ಲ ಅವನಿಗೆ" ಎನ್ನುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ. ಮುಂದೊಂದು ದಿನ ಅವನು ಮನೆಗೆ ಬರುವುದನ್ನೇ ಬಿಟ್ಟ.

ಅವನು ಮನೆ ಬಿಟ್ಟ ಹನ್ನೆರಡನೇ ದಿನ ಬೆಳಿಗ್ಗೆ ಮೇಷ್ಟ್ರ ಮನೆಯಿಂದ ಕರೆ ಬಂತು.

ಮೇಷ್ಟ್ರು ಅರ್ಧ ಊರಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ಅವರ ಹೆಂಡತಿಗೆ ಕ್ಯಾನ್ಸರ್, ಕೊನೆಯ ಹಂತ. ನೋವು ತಡೆಯುವ ಮಾತ್ರೆಗಳನ್ನು ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಬೀಗ ಬೀಗದಕ್ಕನದೇ. ಹಿಂದಿನ ಸಂಜೆ ನೋಡಿದರೆ ಬೀಗ ಹಾಕಿದ್ದ ಹಾಗೇ ಇದೆ, ಒಳಗೆ ಮಾತ್ರೆ ಒಂದೂ ಇಲ್ಲ. ಕೀಲಿ ಇದ್ದದ್ದು ರೋಗಿಯನ್ನು ನೋಡಿಕೊಳ್ಳುವ ನರ್ಸಮ್ಮನ ಬಳಿ. ಸೊಸೆಗೆ ಇನ್ನೇನು ಬೇಕು? ಪೊಲೀಸರನ್ನು ಕರೆಯುತ್ತೇನೆ ಎಂದು ಕೂತಿದ್ದಳು. ಮೇಷ್ಟ್ರು ಮಾತ್ರ ಮೊದಲು ಬೀಗದಕ್ಕ ನೋಡಲಿ ಎಂದಿದ್ದರು.

ಸುದ್ದಿ ಕೇಳಿ ಗುಮಾಸ್ತ ಅಣ್ಣ ಓಡಿಬಂದ. ಅವನಿಗೆ ಬುದ್ಧಿ ಚುರುಕು, ದಾರಿಯಲ್ಲೇ ಎಲ್ಲ ಅರ್ಥ ಮಾಡಿಕೊಂಡಿದ್ದ.

"ನೋಡು, ನೀನು ಸುಳ್ಳು ಹೇಳೋದು ಬೇಡ. ಬೀಗ ಒಡೆದಿಲ್ಲ, ಕೀಲಿಯಿಂದಾನೇ ತೆಗೆದಿದ್ದಾರೆ ಅನ್ನು. ಅಷ್ಟೇ. ಅದು ನಿಜಾನೇ ತಾನೆ?"

"ಆ ನರ್ಸ್ ಹುಡುಗಿ?"

"ಅವಳ ಹಣೇಬರಹ. ನಿನ್ನ ಮಾನ ನೋಡ್ಕೊ. ಬೀಗ ಮಾಡೋರ ಮನೇಲಿ ಕಳ್ಳ ಅಂದ್ರೆ ನಾಳೆ ಅಂಗಡಿಗೆ ನೊಣ ಕೂಡ ಬರಲ್ಲ. ಬೇಲಿನೇ ಎದ್ದು ಹೊಲ ಮೇಯ್ತು ಅಂತಾರೆ."

ಅವಳು ಚಪ್ಪಲಿ ಮೆಟ್ಟಿ ಹೊರಟಳು, ಅಣ್ಣ ಹಿಂದೆಯೇ ಬಂದ.

ಮೇಷ್ಟ್ರ ಮನೆಯಲ್ಲಿ ಬೀಗವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹೊರಗೆ ಗೀರಿಲ್ಲ. ಒಳಗೆ, ಅಪ್ಪನ ಕೀಲಿ ತಾಗುವ ಜಾಗದಲ್ಲಿ, ಹೊಸದಾಗಿ ಉಜ್ಜಿದ ಒಂದು ಗೆರೆ ಹೊಳೆಯುತ್ತಿತ್ತು. ಅವಳ ಕೀಲಿ ಸೊಂಟದಲ್ಲೇ ಇದೆ. ಅಂದರೆ ಇನ್ನೊಂದು ಹುಟ್ಟಿದೆ. ಅಮ್ಮನ ಸೊಂಟದಲ್ಲಿ ನೋಡಿ ನೋಡಿಯೇ ಅರದಿಂದ ಉಜ್ಜಿ ಮಾಡಿಕೊಂಡಿದ್ದಾನೆ. ಅಷ್ಟು ಚೆಂದದ ಕೆಲಸವನ್ನು ಈ ಊರಲ್ಲಿ ಮಾಡುವವನು ಒಬ್ಬನೇ.

ಒಳಕೋಣೆಯಿಂದ ನರಳುವ ಸದ್ದು ಬರುತ್ತಿತ್ತು. ದಿಂಬು ಕಚ್ಚಿಕೊಂಡು ನರಳುವವರ ಸದ್ದು. ನರ್ಸಮ್ಮ ಗೋಡೆಗೆ ಅಂಟಿ ನಿಂತು ತನ್ನ ಕಾಲಬೆರಳನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ಅಣ್ಣ ಕಣ್ಸನ್ನೆ ಮಾಡಿದ. ಬೀಗದಕ್ಕನಿಗೆ ಒಮ್ಮೆಲೇ ಎಂಥ ಸಿಟ್ಟು ಬಂತೆಂದರೆ, ಮಗನ ಮೇಲೋ, ಅಣ್ಣನ ಮೇಲೋ, ಎಂಟು ತಿಂಗಳು ಬಾಯಿ ಹೊಲಿದುಕೊಂಡ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ.

"ಆ ಹುಡುಗಿ ತಂಟೆಗೆ ಹೋಗಬೇಡಿ. ಇದನ್ನ ತೆಗೆದಿರೋದು ನನ್ನ ಮಗ. ಅವನು ಮಾತ್ರೆ ನುಂಗ್ತಾನೆ, ಪುಡಿ ಎಳೀತಾನೆ. ಎಂಟು ತಿಂಗಳಿಂದ ನಂಗೊತ್ತು, ನಾನೇ ಮುಚ್ಚಿಟ್ಟಿದ್ದೆ."

ಆಮೇಲೆ ಸೊಂಟದ ಕೀಲಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅಪ್ಪನ ಗುಟ್ಟನ್ನೂ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದರು.

"ಅಂದ್ರೆ ಇಷ್ಟು ವರ್ಷ ನಮ್ಮನೆ ಬೀರು ಕೀಲಿ ನಿನ್ನ ಸೊಂಟದಲ್ಲಿತ್ತಾ?"

"ಇತ್ತು ಮೇಷ್ಟ್ರೇ. ಊರೋರೆಲ್ಲರದೂ ಇತ್ತು. ತಪ್ಪು ಅಂತ ಇವತ್ತಿನವರೆಗೂ ಹೊಳೀಲಿಲ್ಲ ನಂಗೆ."

ಸೊಸೆ ಬಾಯಿಗೆ ಬಂದಂತೆ ಅಂದಳು. ಬೀಗದಕ್ಕ ತಲೆ ತಗ್ಗಿಸದೆ ಅನ್ನಿಸಿಕೊಂಡಳು. ಒಳಕೋಣೆಯಿಂದ ಮೇಷ್ಟ್ರ ಹೆಂಡತಿ ಕರೆದಾಗ ಹೋಗಿ ಮಂಚದ ಪಕ್ಕ ನಿಂತಳು. ಆಕೆಯ ಕೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ.

"ಅವನಿಗೂ ನೋವಿತ್ತಾ?"

"ಇತ್ತಮ್ಮ. ಮೊದಮೊದಲು ಇತ್ತು."

"ನಿನ್ನೆಯಿಂದ ನಾನು ಪಟ್ಟ ಪಾಡನ್ನ ಅವನಿಗೆ ಹೇಳು. ಹುಡುಗ ನೊಂದ್ಕೋತಾನೆ ಅಂತ ಕಡಿಮೆ ಮಾಡಿ ಹೇಳ್ಬೇಡ."

"ಒಂದು ಚೂರೂ ಕಡಿಮೆ ಮಾಡಲ್ಲ" ಎಂದಳು ಬೀಗದಕ್ಕ. ಹೊರಗೆ ಬಂದಾಗ ಮೇಷ್ಟ್ರು ಹೇಳಿದ್ದಿಷ್ಟು: "ನಿನ್ನ ಮಗನ್ನ ಒಳಗೆ ಹಾಕಿಸಿ ನಂಗೇನು ಸಿಗುತ್ತೆ? ಅವನಿಗೆ ಅದನ್ನ ಕೊಡ್ತಿರೋನು ಯಾರು? ಅದನ್ನ ತಿಳ್ಕೊಂಡು ಬಾ."

ಅಂಗಡಿಗೆ ಬಂದವಳೇ ಅಪ್ಪನ ಕೀಲಿಯನ್ನು ಬೆಂಚಿಗೆ ಬಿಗಿದ ವೈಸಿನ ಇಕ್ಕಳಕ್ಕೆ ಸಿಕ್ಕಿಸಿ ಗರಗಸದಿಂದ ಮೂರು ತುಂಡು ಮಾಡಿದಳು. ಎದುರಿನ ಟೀ ಅಂಗಡಿಯವನು ಲೋಟ ಹಿಡಿದುಕೊಂಡೇ ನೋಡಿದ. ಮರುದಿನದಿಂದ ಅಂಗಡಿಗೆ ಕದ ಹಾಕಿ, ರಾತ್ರಿಯೆಲ್ಲ ಕೂತು ಗುಟ್ಟಿನ ಕಚ್ಚು ತೆಗೆದುಹಾಕಿದ ಹೊಸ ಬೀಗಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಯಾರ್ಯಾರ ಮನೆಯಲ್ಲಿ ಅವಳ ಬೀಗವಿತ್ತೋ ಅಲ್ಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಕೊಡುವುದು, ಯಾಕೆಂದು ಹೇಳುವುದು. ಅದೂ ಬಾಗಿಲಲ್ಲೇ ನಿಂತು, ಪಕ್ಕದ ಮನೆಗೂ ಕೇಳಿಸುವ ದನಿಯಲ್ಲಿ.

ಅವಳು ಹೊರಡುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ, ಒಬ್ಬ ಗಿರಾಕಿ ಕಾಯುತ್ತಿದ್ದ. ಮಾನದ ಬಗ್ಗೆ ಪಾಠ ಹೇಳಿದ ಅದೇ ಅಣ್ಣ.

"ಹೆಂಗಿದ್ರೂ ಎಲ್ಲರದೂ ಬದಲಾಯಿಸ್ತೀಯಂತಲ್ಲ... ನಮ್ಮನೇದು ಮೊದಲು ಮಾಡಿಬಿಡು."

ಅವಳು ಅಷ್ಟು ದಿನಗಳಲ್ಲಿ ನಕ್ಕದ್ದು ಆಗಲೇ. "ಬಾರೋ ಅಣ್ಣ, ಬಾ. ಸೋದರಮಾವ ಅಲ್ವಾ, ಮೊದಲ ಮರ್ಯಾದೆ ನಿಂಗೇ."

ಎಲ್ಲರೂ ನಗಿಸಲಿಲ್ಲ. ಒಬ್ಬ ವ್ಯಾಪಾರಿ ಅವಳ ಮುಂದೆಯೇ ಹೊಸ ಬೀಗವನ್ನು ಚರಂಡಿಗೆಸೆದ. ಒಬ್ಬಳು "ಥೂ, ಇಂಥವನ್ನ ಹೆತ್ತು ಎದೆ ಎತ್ತಿ ಬರ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದಳು. "ಆಗ್ತಿತ್ತಮ್ಮ. ಎಂಟು ತಿಂಗಳು ಆಯ್ತು. ಅಷ್ಟರಲ್ಲಿ ಅವನು ಮಾತ್ರೆಯಿಂದ ಪುಡಿಗೆ ಹೋದ. ನಾಚಿಕೆಯಿಂದ ನಂಗೆ ಸಿಕ್ಕಿದ್ದು ಅಷ್ಟೇ" ಎಂದು ಬೀಗದಕ್ಕ ಸ್ಕ್ರೂ ಬಿಗಿಯುವುದನ್ನು ಮುಂದುವರಿಸಿದಳು.

ಅವಳು ಎಣಿಸಿರದ ಸಂಗತಿಯೊಂದು ಐದನೇ ಮನೆಯಲ್ಲಿ ಶುರುವಾಯಿತು. ಬ್ಯಾಂಕ್ ಮ್ಯಾನೇಜರನ ಮನೆ, ಎರಡು ಮಹಡಿ. ಅವಳ ಮಾತೆಲ್ಲ ಕೇಳಿಸಿಕೊಂಡ ಹೆಂಡತಿ ಬೀದಿಯ ಎರಡೂ ತುದಿ ನೋಡಿ, ಅವಳ ರಟ್ಟೆ ಹಿಡಿದು ಒಳಕ್ಕೆಳೆದುಕೊಂಡು ಬಾಗಿಲು ಹಾಕಿದಳು. "ನಮ್ಮನೇಲೂ ಇದಾನೆ. ದೊಡ್ಡೋನು. ಪರೀಕ್ಷೆಗೆ ಓದೋಕೆ ನಿದ್ದೆ ಬರಬಾರದು ಅಂತ ಶುರು ಮಾಡಿದ." ಒಂಬತ್ತನೇ ಮನೆಯ ಬಸ್ ಡ್ರೈವರನ ಹೆಂಡತಿ, "ಇವರಿಗೆ ಕುಡಿತ ಸಾಲದೆ ಈಗ ಮಾತ್ರೆನೂ ಸೇರಿದೆ ಅಕ್ಕ, ಅದೇ ಕೈಯಲ್ಲಿ ಅರವತ್ತು ಜನರನ್ನ ಕೂರಿಸ್ಕೊಂಡು ಬಸ್ ಓಡಿಸ್ತಾರೆ" ಎಂದು ಅತ್ತಳು. ಒಬ್ಬ ಅಜ್ಜಿ ಮೊಮ್ಮಗಳ ತೋಳಿನ ಸೂಜಿ ಗಾಯದ ಕತೆ ಹೇಳಿದಳು. ಒಂದೊಂದು ಬಾಗಿಲ ಹಿಂದೆಯೂ ಒಬ್ಬೊಬ್ಬರು, ತಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದುಕೊಂಡು ಉಸಿರು ಬಿಗಿ ಹಿಡಿದು ಕೂತಿದ್ದವರು. ಊರೆಲ್ಲ ಹೊಟ್ಟೆನೋವು, ಊರೆಲ್ಲ ತಲೆನೋವು, ರೋಗದ ಹೆಸರು ಹೇಳಿದವರು ಯಾರೂ ಇಲ್ಲ. ಅಂಥವು ಹನ್ನೊಂದು ಮನೆ.

"ನಿಮ್ಮೋನು ಎಲ್ಲಿಂದ ತರ್ತಾನೆ?" ಎಂದು ಅವಳು ಎಲ್ಲರನ್ನೂ ಕೇಳಿದಳು. ಹನ್ನೊಂದು ಬಾಯಿಂದಲೂ ಬಂದದ್ದು ಒಂದೇ ಉತ್ತರ. ಚೌಕದ ಔಷಧಿ ಅಂಗಡಿಯ ಬಿಳಿಕೋಟು.

ಬಿಳಿಕೋಟು ಎಂದರೆ ಆ ಅಂಗಡಿಯ ಮಾಲೀಕ. ಡಾಕ್ಟರಲ್ಲದಿದ್ದರೂ ಡಾಕ್ಟರಂತೆ ಬಿಳಿ ಕೋಟು ಹಾಕಿ ಮುಂದೆ ಕೂರುತ್ತಿದ್ದ, ಮುದುಕರಿಗೆ "ಹುಷಾರು ತಾತ" ಎಂದು ಮಾತ್ರೆ ಎಣಿಸಿ ಕೊಡುತ್ತಿದ್ದ. ಅಂಗಡಿಯ ಹಿಂದಿನ ಓಣಿಯಲ್ಲಿ ಅವನದೇ ಒಂದು ಉಗ್ರಾಣ, ಕಬ್ಬಿಣದ ಬಾಗಿಲಿನದು. ವ್ಯಾಪಾರ ಅಲ್ಲಿ. ಮನೆ ಬಿಟ್ಟ ಮರಿಬೀಗ ಆ ಓಣಿಯಲ್ಲೇ ಬಿದ್ದಿರುತ್ತಾನೆ, ಪುಡಿಗಾಗಿ ಅವನ ಚಾಕರಿ ಮಾಡುತ್ತಾನೆ ಎಂದೂ ಗೊತ್ತಾಯಿತು.

ಮೇಷ್ಟ್ರು ಔಷಧ ಇಲಾಖೆಗೆ ಫೋನು ಮಾಡಿದರು. ಹಿಂದೆ ಎರಡು ಸಲ ದೂರು ಬಂದಿತ್ತಂತೆ. ಅಧಿಕಾರಿ ಬರುವಷ್ಟರಲ್ಲಿ ಯಾರೋ ಸುಳಿವು ಕೊಟ್ಟು ಉಗ್ರಾಣ ಗುಡಿಸಿಟ್ಟಂತೆ ಖಾಲಿಯಾಗಿತ್ತಂತೆ. "ಈ ಸಲ ನಾನೇ ಹೋಗಿ ಕರ್ಕೊಂಡು ಬರ್ತೀನಿ. ಮಧ್ಯಾಹ್ನದವರೆಗೂ ಸರಕು ಆಚೆ ಹೋಗದ ಹಾಗೆ ನೋಡ್ಕೊ" ಎಂದರು ಮೇಷ್ಟ್ರು. ಬೀಗದಕ್ಕನಿಗೆ ಅದೇನು ದೊಡ್ಡ ವಿದ್ಯೆ?

ಮರುದಿನ ಹತ್ತು ಗಂಟೆಗೆ ಬಿಳಿಕೋಟು ಮುಂದಿನ ಅಂಗಡಿಯಲ್ಲಿದ್ದಾಗ, ಬೀಗದಕ್ಕ ಹನ್ನೊಂದು ಹೆಂಗಸರ ಜೊತೆ ಓಣಿಗೆ ಬಂದಳು. ಚೀಲಕ್ಕೆ ಕೈ ಹಾಕಿ ಸಿಕ್ಕ ದಪ್ಪ ಬೀಗವನ್ನು ಅವನ ಬೀಗದ ಪಕ್ಕದ ಚಿಲಕಕ್ಕೆ ಹಾಕಿ ಒತ್ತಿದಳು. ಖಟ್ ಎಂದಿತು. ಆ ಸದ್ದು ಕಿವಿಗೆ ಬಿದ್ದ ಕ್ಷಣವೇ ಅವಳಿಗೆ ತಪ್ಪು ಗೊತ್ತಾಯಿತು. ಹೊಸ ಬೀಗದ ಸದ್ದಲ್ಲ ಅದು. ಹಿಂದಿನ ದಿನ ಯಾರದೋ ಮನೆಯಿಂದ ಬಿಚ್ಚಿ ತಂದ ಹಳೆಯದು, ಗುಟ್ಟಿನ ಕಚ್ಚಿನದು. ಹೊಸದೂ ಹಳೆಯದೂ ಒಂದೇ ಚೀಲದಲ್ಲಿದ್ದವು, ನೋಡಲೂ ಒಂದೇ ಥರ. ಹಳೆಯದರ ಕೀಲಿ ಅದರ ಮನೆಯವರಲ್ಲೇ ಉಳಿದಿತ್ತು. ಅಪ್ಪನ ಕೀಲಿ ಮೂರು ತುಂಡಾಗಿತ್ತು. ಈ ಬೀಗವನ್ನು ನಿಂತ ಕಾಲಲ್ಲೇ ತೆಗೆಯಬಲ್ಲ ಇನ್ನೊಂದು ಕೀಲಿ ಇದ್ದದ್ದು ಮಗನ ಜೇಬಿನಲ್ಲಿ. ಅವಳು ಯಾರಿಗೂ ಹೇಳಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಳು, ಉಳಿದವರೂ ಕೂತರು.

ಬಿಳಿಕೋಟು ಕುಣಿದಾಡುತ್ತಾ ಬಂದ. "ಯಾರಮ್ಮ ನೀವು? ಇದು ನನ್ನ ಬಾಗಿಲು!"

"ನಿಂದೇ ಕಣಪ್ಪ. ಯಾರು ಇಲ್ಲ ಅಂದ್ರು? ಆಫೀಸರು ಬಂದ ತಕ್ಷಣ ತೆಗೆದುಕೊಡ್ತೀವಿ. ಬೀಗ ನಿಂಗೆ ಪುಕ್ಕಟೆ."

ಆಫೀಸರು ಎಂದ ಕೂಡಲೇ ಅವನ ಮುಖ ಅವನ ಕೋಟಿನ ಬಣ್ಣಕ್ಕೆ ಬಂತು. "ಇದು ಗೂಂಡಾಗಿರಿ! ಪೊಲೀಸರನ್ನ ಕರೀತೀನಿ."

"ಕರಿ. ಫೋನ್ ಇಲ್ದಿದ್ರೆ ನಂದು ತಗೋ."

ಅವನು ಕರೆಯಲಿಲ್ಲ. ಬಾಗಿಲು ಕತ್ತರಿಸಲು ವೆಲ್ಡಿಂಗಿನವನಿಗೆ ಹೇಳಿ ಕಳಿಸಿದ. ವೆಲ್ಡಿಂಗಿನವನು ಬಂದು, ಕೂತವರಲ್ಲಿ ತನ್ನ ಅತ್ತಿಗೆಯನ್ನು ಕಂಡು, ಗಂಟಲು ಸರಿಮಾಡಿಕೊಂಡು "ಗ್ಯಾಸು ಖಾಲಿ ಸಾರ್" ಎಂದು ಹೋದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಗ ಬಿಳಿಕೋಟು ಓಣಿಯ ತುದಿಗೆ ತಿರುಗಿ ಕೂಗಿದ.

"ಲೇ ಮರಿಬೀಗ! ಬಾರೋ ಇಲ್ಲಿ."

ಹದಿನೆಂಟು ದಿನಗಳ ಮೇಲೆ ಬೀಗದಕ್ಕ ಮಗನನ್ನು ನೋಡಿದಳು. ಕೆನ್ನೆ ಒಳಕ್ಕೆ ಹೋಗಿತ್ತು. ಮೂಗು ಸೋರುತ್ತಿತ್ತು, ಆ ಬಿಸಿಲಲ್ಲೂ ಮೈ ಅದುರುತ್ತಿತ್ತು. ಬಿಳಿಕೋಟು ಕೋಟಿನ ಜೇಬಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದು ಎಲ್ಲರೆದುರೇ ತೋರಿಸಿದ. ಅವನಿಗೆ ಮರೆಮಾಚಲು ಪುರುಸೊತ್ತಿರಲಿಲ್ಲ.

"ಬೀಗ ತೆಗಿ, ತಗೋ. ತಿಂಗಳು ಪೂರ್ತಿ ಕೊಡ್ತೀನಿ, ಕೇಳಿದಷ್ಟು."

ಬ್ಯಾಂಕಿನವನ ಹೆಂಡತಿ ಎದ್ದು ಅಡ್ಡ ನಿಂತಳು. "ಬಿಡಬೇಡ ಅಕ್ಕ! ನಾವು ಹನ್ನೆರಡು ಜನ ಇದೀವಿ, ಅವನೊಬ್ಬ."

ಬೀಗದಕ್ಕ ಎದ್ದು ನಿಂತಳು. ಅಡ್ಡ ಹಾಕಬಹುದಿತ್ತು. ಇವತ್ತು ಈ ಬಾಗಿಲಿಗೆ ಅಡ್ಡ ಹಾಕುತ್ತಾಳೆ. ನಾಳೆಗೆ ಇನ್ನೊಂದು ಬಾಗಿಲು, ನಾಡಿದ್ದಿಗೆ ಮತ್ತೊಂದು. ಜೀವಮಾನವೆಲ್ಲ ಮಗನಿಗೂ ಬಾಗಿಲಿಗೂ ನಡುವೆ ನಿಂತಿರಲು ಯಾವ ತಾಯಿಯಿಂದಾಗುತ್ತದೆ?

"ದಾರಿ ಬಿಡಿ" ಎಂದಳು.

"ಅಕ್ಕಾ!"

"ಬಿಡಿ ಅಂದ್ನಲ್ಲ. ಅವನು ಬರಲಿ."

ಅವನು ಅವಳ ಮುಂದೆ ಬಂದು ನಿಂತ. ಕಣ್ಣು ಸೇರಿಸಲಿಲ್ಲ. "ಊರೆಲ್ಲ ನನ್ನ ಹೆಸರು ಸಾರ್ಕೊಂಡು ಬಂದ್ಯಂತೆ."

"ಬಂದೆ. ನಾಳೆನೂ ಹೇಳ್ತೀನಿ. ಮೇಷ್ಟ್ರ ಹೆಂಡ್ತಿ ಇಡೀ ರಾತ್ರಿ ದಿಂಬು ಕಚ್ಚಿಕೊಂಡಿದ್ರು ಕಣೋ. ದಿಂಬಿನ ಬಟ್ಟೆ ಹರಿದುಹೋಗಿತ್ತು. ನಿಂಗೆ ಹೇಳು ಅಂದ್ರು, ಹೇಳಿದೀನಿ. ನೀನು ಕದ್ದಿದ್ದನ್ನ ನಾನು ಮುಚ್ಚಿಡಲ್ಲ. ನೀನು ನನ್ನ ಮಗ ಅನ್ನೋದನ್ನೂ ಮುಚ್ಚಿಡಲ್ಲ. ಈಗ ನಿಂಗೇನು ಬೇಕೋ ಮಾಡು."

ಅವನು ಮಂಡಿಯೂರಿ ಕೂತ. ಬೀಗವನ್ನು ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ಅದರ ಬಾಯಿ ಸವರಿದ ಕೂಡಲೇ ಅದು ಹಳೆಯದೆಂದು ಅವನಿಗೆ ಗೊತ್ತಾಯಿತು, ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಅವನ ಬಲಗೈ ತಾನಾಗಿಯೇ ಜೇಬಿಗೆ ಹೋಯಿತು. ಬಿಳಿಕೋಟು ಪೊಟ್ಟಣ ಹಿಡಿದ ಕೈಯನ್ನು ಅವನ ಮುಖದ ಹತ್ತಿರಕ್ಕೆ ತಂದ. ಅವನ ಕಣ್ಣು ಆ ಪೊಟ್ಟಣಕ್ಕೆ ಅಂಟಿಕೊಂಡಿತು. ಬೀಗದಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾ ನಿಂತಳು. ಬೇಡಿಕೊಂಡುಬಿಡಲೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಜೇಬಿನಿಂದ ಕೈ ಹೊರಬಂತು. ಖಾಲಿ ಕೈ. ಅವನು ಅದರಿಂದ ಮೂಗು ಒರೆಸಿಕೊಂಡು ಬೀಗವನ್ನು ಬಿಟ್ಟುಬಿಟ್ಟ.

"ಇದು ನಂಗೆ ಬರಲ್ಲ."

"ಏನಂದೆ?" ಬಿಳಿಕೋಟು ಅವನ ಕಾಲರ್ ಹಿಡಿದೆತ್ತಿದ. "ನಾಟಕ ಮಾಡ್ತೀಯಾ? ನಿಂಗೆ ತೆಗೆಯೋಕೆ ಬರದ ಬೀಗ ಯಾವುದೋ ಇದೆ ಈ ಊರಲ್ಲಿ?"

"ಇದೊಂದಿದೆ" ಎಂದ ಮರಿಬೀಗ. ಹಲ್ಲು ಕಟಕಟಿಸುತ್ತಿತ್ತು. ಕಾಲರ್ ಬಿಡಿಸಿಕೊಂಡು ಬಂದು, ಅಮ್ಮನ ಕಾಲ ಹತ್ತಿರ, ಬಾಗಿಲಿಗೆ ಬೆನ್ನು ಕೊಟ್ಟು ಕೂತ.